ಕಡ್ಡಿ ಹಗುರ, ಮೊನೆ ಭಾರ: ರಿಕರ್ವ್ ಬಿಲ್ಲಿಗೆ ಬೇಟೆಯ ಬಾಣ ಆರಿಸಿದ ಒಂದು ಪ್ರಕರಣ

ಬಿಲ್ಲಿನ ಮೇಲೆ ಎಳೆತದ ಭಾರ 45 ಪೌಂಡ್ ಎಂದು ಬರೆದಿತ್ತು. ಅದನ್ನು ಎಳೆಯುವ ಕೈ 41ಕ್ಕೇ ನಿಲ್ಲುತ್ತಿತ್ತು. ಈ ಪ್ರಕರಣದ ಅರ್ಧ ಗೊಂದಲ ಹುಟ್ಟಿದ್ದೇ ಆ ನಾಲ್ಕು ಪೌಂಡಿನ ಅಂತರದಲ್ಲಿ. ಉಳಿದರ್ಧ ಬಂದದ್ದು ಬಾಣ ಹಗುರವಾದಷ್ಟೂ ಒಳ್ಳೆಯದು ಎಂಬ ಹಳೆಯ ಅಭ್ಯಾಸದಿಂದ.

ಬಿಲ್ಲಿನ ಒಡೆಯರು ಮಂಡ್ಯ ಕಡೆಯವರು, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಿಟ್ಸ್‌ಬರ್ಗ್ ಹತ್ತಿರ ನೆಲೆಸಿದವರು, ನಲವತ್ತು ದಾಟಿದವರು. ಬಿಲ್ಲುಗಾರಿಕೆ ಅವರಿಗೆ ಹೊಸದಲ್ಲ. ಒಲಿಂಪಿಕ್ ಮಾದರಿಯ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಹಿಡಿದು ಬಣ್ಣದ ವೃತ್ತಗಳಿಗೆ ವರ್ಷಗಟ್ಟಲೆ ಹೊಡೆದಿದ್ದರು. ಆಮೇಲೆ ಗುರಿ ನೋಡುವ ಸೈಟು, ಎಳೆತ ಮುಗಿದದ್ದನ್ನು ಸದ್ದಿನಿಂದ ಹೇಳುವ ಕ್ಲಿಕ್ಕರು, ಅಲುಗಾಟ ತಡೆಯುವ ಸ್ಟೆಬಿಲೈಸರು ಯಾವುದೂ ಇಲ್ಲದ ಮರದ ರಿಕರ್ವ್ ಒಂದು ಮನಸ್ಸಿಗೆ ಹಿಡಿಯಿತು. 62 ಇಂಚಿನದು, ಲಿಂಬುಗಳನ್ನು, ಅಂದರೆ ಬಾಗುವ ಎರಡು ತೋಳುಗಳನ್ನು, ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವಂಥದ್ದು. ಬೇಟೆಗಾರರಿಗೆ ಕಡ್ಡಾಯವಾದ ತರಬೇತಿ ಮುಗಿಸಿದ್ದರು, ಲೈಸೆನ್ಸ್ ತೆಗೆದಿದ್ದರು, ಹೆಣ್ಣು ಜಿಂಕೆಗೆ ಬೇರೆಯಾಗಿ ಕೊಡುವ ಪರವಾನಗಿಯನ್ನೂ ಪಡೆದಿದ್ದರು. ನಮ್ಮ ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಂಥದ್ದರ ಮಾತೇ ಇಲ್ಲ. ಅಲ್ಲಿ ಹಾಗಲ್ಲ. ಬಿಳಿಬಾಲದ ಜಿಂಕೆ ಅಲ್ಲಿ ತೋಟ ಮೇಯುವ, ಕಾರಿಗೆ ಅಡ್ಡ ಬರುವ ಪ್ರಾಣಿ. 2023ರಲ್ಲಿ ಪಿಟ್ಸ್‌ಬರ್ಗ್ ನಗರವೇ ತನ್ನ ಫ್ರಿಕ್ ಮತ್ತು ರಿವರ್‌ವ್ಯೂ ಪಾರ್ಕುಗಳಲ್ಲಿ ಬಿಲ್ಲುಬೇಟೆಗೆ ಅವಕಾಶ ಕೊಟ್ಟಿತು. ಬೇಟೆ ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಬೇಡ. ಹೊಡೆಯುವುದು ಎಂದು ತೀರ್ಮಾನವಾದ ಮೇಲೆ ಪ್ರಾಣಿ ನರಳದ ಹಾಗೆ ಹೊಡೆಯಬೇಕು. ಅದಕ್ಕೆ ಬಾಣದ ಆಯ್ಕೆ ಎಷ್ಟರ ಮಟ್ಟಿಗೆ ಕಾರಣವಾಗುತ್ತದೆ ಎನ್ನುವುದಷ್ಟೇ ಇಲ್ಲಿಯ ವಿಷಯ.

ನಾನು ಅವರದೇ ಕ್ಲಬ್ಬಿನವನು. ಬಾಣ ಹೊಂದಿಸುವ ಕೆಲಸಕ್ಕೆ ನಾಲ್ಕು ಜನ ನನ್ನನ್ನು ಕೇಳುತ್ತಾರೆ. ಬೇಟೆಯ ಋತುವಿಗೆ ಎರಡು ತಿಂಗಳಿದ್ದಾಗ ಅವರು ತಂದು ತೋರಿಸಿದ ಬಾಣ 326 ಗ್ರೇನ್ ತೂಗಿತು. ಬಾಣದ ತೂಕ ಹೇಳುವುದು ಗ್ರೇನಿನಲ್ಲೇ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಹದಿನೈದೂವರೆಯ ಹತ್ತಿರ. ಅಕ್ಕಸಾಲಿಗರ ಗುಲಗಂಜಿ ಲೆಕ್ಕ ಗೊತ್ತಿರುವವರಿಗೆ ಹೇಳುವುದಾದರೆ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್. ಅಂದರೆ ಅವರ ಬಾಣ ಇಡಿಯಾಗಿ 21 ಗ್ರಾಂ.

“ಅಣ್ಣಾ, ಹಗೂರ ಬಾಣ ಜೋರಾಗಿ ಹೋಯ್ತದೆ. ಜೋರಾಗಿ ಹೋದ್ದು ನೆಟ್ಟಗೆ ಹೋಯ್ತದೆ, ಆಳಕ್ಕೂ ಇಳೀತದೆ. ಇನ್ನೇನ್ ಬೇಕು?” ಎಂಬುದು ಅವರ ವಾದ.

ಒಂದೇ ಉಸಿರಿನಲ್ಲಿ ಮೂರು ಮಾತು ಹೇಳಿದ್ದರು. ಮೊದಲನೆಯದು ನಿಜ. ಎರಡನೆಯದು ಅವರು ಹೊಡೆಯುವ ದೂರದಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ಮೂರನೆಯದು ತಿರುಗುಮುರುಗು. ಬರಿ ಬಾಯಲ್ಲಿ ಹೇಳಿದರೆ ಒಪ್ಪುವ ಮನುಷ್ಯ ಅವರಲ್ಲ, ಅಳೆದೇ ತೋರಿಸಬೇಕಾಗಿತ್ತು.

ಹಗುರ ಅಂದರೆ ಯಾವುದಕ್ಕೆ ಹಗುರ

ಮೊದಲು ಬಿಲ್ಲು. ಲಿಂಬಿನ ಮೇಲೆ ಬರೆದಿರುವ ಭಾರ 28 ಇಂಚು ಎಳೆದಾಗಿನದು, ತಯಾರಕರು ಸಾಮಾನ್ಯವಾಗಿ ಆ ಅಳತೆಗೇ ಬರೆಯುತ್ತಾರೆ. ನಮ್ಮವರ ತೋಳಿನ ಅಳತೆಗೆ ಎಳೆತ 26.5 ಇಂಚಿಗೇ ಮುಗಿಯುತ್ತದೆ. ಇಂಚಿನ ಗುರುತು ಹಾಕಿದ ಬಾಣ ಕೊಟ್ಟು, ಅವರಿಗೆ ಗೊತ್ತಾಗದ ಹಾಗೆ ಪಕ್ಕದಿಂದ ನೋಡಿದ ಅಳತೆ ಇದು. ಗೊತ್ತಾದರೆ ಎಲ್ಲರೂ ಎದೆ ಸೆಟೆಸಿ ಅರ್ಧ ಇಂಚು ಜಾಸ್ತಿಯೇ ಎಳೆಯುತ್ತಾರೆ. ಇಂಚಿಗೆ ಎರಡೂವರೆ ಪೌಂಡಿನಂತೆ ಇಳಿದು 41 ಆಗಬೇಕು. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎಳೆದಾಗಲೂ 41 ಬಂತು. ನವೆಂಬರಿನ ಚಳಿಗೆ ದಪ್ಪ ಜಾಕೆಟ್ ಹಾಕಿಕೊಂಡರೆ ಇನ್ನೂ ಒಂದು ಪೌಂಡ್ ಕೈಬಿಡುತ್ತದೆ.

ಬಾಣ ಹಗುರವೋ ಭಾರವೋ ಎನ್ನುವುದನ್ನು ಬರಿಯ ತೂಕದಿಂದ ಹೇಳಲಾಗದು. ಬಾಣದ ಗ್ರೇನನ್ನು ಬಿಲ್ಲಿನ ಪೌಂಡಿನಿಂದ ಭಾಗಿಸಬೇಕು. 326ನ್ನು 41ರಿಂದ ಭಾಗಿಸಿದರೆ ಎಂಟಕ್ಕೆ ಕೂದಲೆಳೆಯಷ್ಟು ಕಡಿಮೆ. ಬೇಟೆಗೆ ಸಾಂಪ್ರದಾಯಿಕ ಬಿಲ್ಲು ಹಿಡಿಯುವವರು ಸಾಮಾನ್ಯವಾಗಿ ಪೌಂಡಿಗೆ 9ರಿಂದ 10 ಗ್ರೇನ್ ಇಟ್ಟುಕೊಳ್ಳುತ್ತಾರೆ, ಕೆಲವರು 11-12ಕ್ಕೂ ಹೋಗುತ್ತಾರೆ. ಎಂಟು ಎನ್ನುವುದು ರಿಕರ್ವ್ ಬಿಲ್ಲಿಗೆ ಅಂಚಿನ ಲೆಕ್ಕ. ಕೆಳಗಿನ ಮಿತಿ ಬಿಲ್ಲಿನಿಂದ ಬಿಲ್ಲಿಗೆ ಬೇರೆ, ಬಿಲ್ಲಿನ ಜೊತೆ ಬರುವ ಕಾಗದ ಓದಲೇಬೇಕು. ಅದಕ್ಕಿಂತ ಹಗುರ ಬಾಣ ಬಿಟ್ಟು ಲಿಂಬು ಸೀಳಿದರೆ ವಾರಂಟಿ ಇಲ್ಲ. ಬಾಣ ಹಗುರವಾದಷ್ಟೂ ಹೊಡೆತ ಬರಿ ಹೆದೆ ಬಿಟ್ಟದ್ದಕ್ಕೆ ಹತ್ತಿರವಾಗುತ್ತದೆ, ಬರಿ ಹೆದೆ ಬಿಡುವುದು ಬಿಲ್ಲನ್ನು ಕೈಯಾರೆ ಕೊಲ್ಲುವ ಕೆಲಸ.

ಈ ಹಗುರದ ಆಸೆ ಎಲ್ಲಿಂದ ಬಂತು ಎನ್ನುವುದು ಊಹಿಸಲು ಕಷ್ಟವಲ್ಲ. ಒಲಿಂಪಿಕ್ ಬಿಲ್ಲುಗಾರಿಕೆಯಲ್ಲಿ ಗುರಿ 70 ಮೀಟರ್ ಆಚೆ ಇರುತ್ತದೆ, ಅಲ್ಲಿಗೆ ಬಾಣ ಮುಟ್ಟುವುದೇ ಮೊದಲ ಪ್ರಶ್ನೆ. ತೆಳ್ಳನೆಯ ಹಗುರ ಬಾಣ ಅಲ್ಲಿ ಸರಿ. ಕಾಗದಕ್ಕೆ ತೂತು ಬಿದ್ದರೆ ಅಂಕ ಸಿಕ್ಕಿತು, ಎಷ್ಟು ಆಳಕ್ಕೆ ಇಳಿಯಿತು ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ಕಾರಣ ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲಿನವರ ವೀಡಿಯೊಗಳು. 400 ಗ್ರೇನ್ ಬಾಣದಲ್ಲಿ ಜಿಂಕೆ ಕೆಡವಿದೆ ಎಂದು ಅವರು ಹೇಳಿದರೆ ಅದು ಸುಳ್ಳಲ್ಲ. 70 ಪೌಂಡಿನ ಕಾಂಪೌಂಡ್ ಆ ಬಾಣವನ್ನು ಸೆಕೆಂಡಿಗೆ 280 ಅಡಿಯಂತೆ ಎಸೆಯುತ್ತದೆ. ನಮ್ಮವರ ಬಿಲ್ಲು ಅದೇ ಬಾಣಕ್ಕೆ ಕೊಡುವ ಶಕ್ತಿ ಅದರ ಮೂರರಲ್ಲಿ ಒಂದು ಪಾಲು. ರಾಟೆಯ ಬಿಲ್ಲಿನವರ ಲೆಕ್ಕ ರಾಟೆಯ ಬಿಲ್ಲಿನವರಿಗೇ ಇರಲಿ.

ವೇಗಮಾಪಕ ಹೇಳಿದ್ದು

ಕ್ಲಬ್ಬಿನಲ್ಲಿ ಕ್ರೋನೊಗ್ರಾಫ್ ಇದೆ, ಬಾಣ ಮೇಲಿನಿಂದ ಹಾದರೆ ವೇಗ ತೋರಿಸುವ ಪೆಟ್ಟಿಗೆ. ಮೂರು ಬಾಣ ಹೊಡೆಸಿದೆವು. ಒಂದು ಅವರದೇ 326 ಗ್ರೇನಿನ ಕಾರ್ಬನ್. ಎರಡನೆಯದು ಅದೇ ಕಡ್ಡಿಗೆ ಮುಂದೆ ಭಾರ ಹಾಕಿದ್ದು, 413 ಗ್ರೇನ್. ಮೂರನೆಯದು ಕ್ಲಬ್ಬಿನ ಹಿರಿಯರೊಬ್ಬರ ಮರದ ಬಾಣ, ಆರೆಗನ್ ಕಡೆಯ ಪೋರ್ಟ್ ಆರ್ಫರ್ಡ್ ಸೀಡರಿನದು, 520 ಗ್ರೇನ್. ಸರಾಸರಿ ವೇಗ ಕ್ರಮವಾಗಿ ಸೆಕೆಂಡಿಗೆ 177, 163 ಮತ್ತು 149 ಅಡಿ.

177 ನೋಡಿ ಅವರ ಮುಖ ಅರಳಿತು. “ನೋಡ್ದಾ ಅಣ್ಣ?”

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ತೂಕವನ್ನು ವೇಗದ ವರ್ಗದಿಂದ ಗುಣಿಸಿ 450240ರಿಂದ ಭಾಗಿಸಿದರೆ ಬಾಣದ ಚಲನಶಕ್ತಿ ಅಡಿ-ಪೌಂಡಿನಲ್ಲಿ ಸಿಗುತ್ತದೆ. ಹಗುರ ಬಾಣಕ್ಕೆ 22.7, ನಡುವಿನದಕ್ಕೆ 24.4, ಸೀಡರಿಗೆ 25.6. ವೇಗ ಹೆಚ್ಚಿದ್ದ ಬಾಣದಲ್ಲೇ ಶಕ್ತಿ ಕಡಿಮೆ! ಬಿಲ್ಲಿನಲ್ಲಿ ತುಂಬಿಟ್ಟ ಶಕ್ತಿಯಲ್ಲಿ ಒಂದಷ್ಟು ಲಿಂಬನ್ನೂ ಹೆದೆಯನ್ನೂ ಮುಂದಕ್ಕೆ ಎಸೆಯಲಿಕ್ಕೇ ಖರ್ಚಾಗುತ್ತದೆ. ಪಾಲ್ ಕ್ಲಾಪ್‌ಸ್ಟೆಗ್ ಎಂಬ ಭೌತವಿಜ್ಞಾನಿ ಇದನ್ನು ಬಲು ಸೊಗಸಾಗಿ ಲೆಕ್ಕಕ್ಕೆ ತಂದರು: ಪ್ರತಿ ಬಾಣದ ಜೊತೆ ಕಣ್ಣಿಗೆ ಕಾಣದ ಇನ್ನೊಂದು ತೂಕ ಓಡುತ್ತದೆ ಎಂದುಕೊಳ್ಳಿ, ಬಾಣ ಯಾವುದೇ ಇರಲಿ, ಒಂದು ಬಿಲ್ಲಿಗೆ ಆ ತೂಕ ಹೆಚ್ಚುಕಡಿಮೆ ಒಂದೇ. ನಮ್ಮ ಮೂರು ವೇಗಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಈ ಬಿಲ್ಲಿಗೆ ಅದು 150 ಗ್ರೇನಿನ ಆಸುಪಾಸು ಬರುತ್ತದೆ. 326 ಗ್ರೇನಿನ ಬಾಣಕ್ಕೆ 150 ಗ್ರೇನಿನ ದಂಡ ದುಬಾರಿ. 520ರದಕ್ಕೆ ಅಷ್ಟು ಕಾಣುವುದಿಲ್ಲ.

ಇನ್ನು ಸಂವೇಗ, ಅಂದರೆ ತೂಕ ಗುಣಿಸು ವೇಗ. ಮಾಂಸ, ಪಕ್ಕೆಲುಬು ಅಡ್ಡ ಬಂದಾಗಲೂ ಬಾಣ ಮುಂದೆ ಹೋಗುತ್ತಲೇ ಇರುವುದಕ್ಕೆ ಇದೇ ಹೆಚ್ಚು ಸರಿಯಾದ ಅಳತೆ ಎಂದು ಸಾಂಪ್ರದಾಯಿಕ ಬಿಲ್ಲಿನವರು ನಂಬುತ್ತಾರೆ, ನಾನೂ ನಂಬುತ್ತೇನೆ. 326ರಿಂದ 413ಕ್ಕೆ ಬಂದರೆ ಸಂವೇಗ ನೂರಕ್ಕೆ 17ರಷ್ಟು ಏರುತ್ತದೆ, ಸೀಡರಿಗೆ ಬಂದರೆ 34ರಷ್ಟು. ವೇಗದಲ್ಲಿ ಕಳೆದುಕೊಳ್ಳುವುದು ನೂರಕ್ಕೆ 8 ಮತ್ತು 16.

ಮೂರು ಗಜ ತಪ್ಪಿದರೆ

ನೆಟ್ಟಗೆ ಹೋಗುತ್ತದೆ ಎಂಬ ವಾದಕ್ಕೆ ಈಗ ಬರೋಣ. ಹಗುರ ಬಾಣದ ಪರವಾಗಿ ಹೇಳುವ ಮಾತುಗಳಲ್ಲಿ ಗಟ್ಟಿಯಾದದ್ದು ಇದೇ, ಇದನ್ನು ತಳ್ಳಿಹಾಕುವವರು ಲೆಕ್ಕ ಮಾಡಿರುವುದಿಲ್ಲ. ಕಾಡಿನಲ್ಲಿ ಗಜಕೋಲು ಇರುವುದಿಲ್ಲ. 15 ಗಜ ಎಂದುಕೊಂಡದ್ದು 18 ಆಗಿರುತ್ತದೆ. ಆಗ ಬಾಣ ಎಣಿಸಿದ್ದಕ್ಕಿಂತ ಎಷ್ಟು ಕೆಳಗೆ ಬೀಳುತ್ತದೆ?

ಗಾಳಿಯ ತಡೆ ಬಿಟ್ಟು ಗುರುತ್ವದ ಲೆಕ್ಕವಷ್ಟೇ ಹಾಕಿದರೆ 326 ಗ್ರೇನಿನ ಬಾಣ 3 ಇಂಚು ಕೆಳಗೆ ಬೀಳುತ್ತದೆ, 413ರದು ಮೂರೂವರೆ, ಸೀಡರ್ ಬಾಣ ನಾಲ್ಕು ಕಾಲು. ಜಿಂಕೆಯ ಎದೆಗೂಡಿನಲ್ಲಿ ಹೃದಯ-ಶ್ವಾಸಕೋಶ ಇರುವ ಜಾಗದ ಅಡ್ಡಗಲ 8ರಿಂದ 10 ಇಂಚು. ಅಂದರೆ ಹಗುರ ಬಾಣ ನಡುವಿನದಕ್ಕಿಂತ ಉಳಿಸಿಕೊಡುವುದು ಅರ್ಧ ಇಂಚು. ಹೆದೆ ಬಿಡುವಾಗ ಬೆರಳು ಕೊಂಚ ತಡವಿದರೂ ಅರ್ಧ ಇಂಚಿಗಿಂತ ಹೆಚ್ಚು ಹೋಗುತ್ತದೆ.

ದೂರ ಬೆಳೆದರೆ ಮಾತು ಬೇರೆ. 30 ಗಜಕ್ಕೆ ಹೊಡೆಯುವವನಿಗೆ ಈ ಲೆಕ್ಕ ಹಗುರ ಬಾಣದ ಕಡೆಗೇ ವಾಲುತ್ತದೆ. ಆದರೆ ಸೈಟಿಲ್ಲದ ಬಿಲ್ಲು ಹಿಡಿದು 30 ಗಜದಲ್ಲಿ ಜೀವವಿರುವ ಪ್ರಾಣಿಗೆ ಹೊಡೆಯುವ ಯೋಗ್ಯತೆ ಇರುವವರು ಬಹಳ ಕಡಿಮೆ. ನಮ್ಮವರು ಕಾಗದದ ತಟ್ಟೆಗೆ ಹೊಡೆದು ಹೊಡೆದು ತಮ್ಮ ಮಿತಿಯನ್ನು ತಾವೇ ಕಂಡುಕೊಂಡರು: 18 ಗಜ. ಅದರಾಚೆ ತಟ್ಟೆ ತಪ್ಪುತ್ತಿತ್ತು. ಮಿತಿ 18 ಆದ ಮೇಲೆ ಹಗುರ ಬಾಣಕ್ಕೆ ಇದ್ದ ದೊಡ್ಡ ಸಮರ್ಥನೆಯೇ ಬಿದ್ದುಹೋಯಿತು.

ಹೆದೆಯ ಸದ್ದಿಗೆ ಜಿಂಕೆ ಕುಸಿದು ಕುಪ್ಪಳಿಸುವುದು ಇನ್ನೊಂದು ಚಿಂತೆ. ಓಡಲು ಸಜ್ಜಾಗುವ ಜಿಂಕೆ ಮೊದಲು ಕಾಲು ಮಡಚಿ ಮೈಯನ್ನು ಕೆಳಕ್ಕಿಳಿಸುತ್ತದೆ, ಬಾಣ ಬೆನ್ನ ಮೇಲೆ ಹಾರಿಹೋಗುತ್ತದೆ. 15 ಗಜಕ್ಕೆ ಸದ್ದು ಮುಟ್ಟಲು 0.04 ಸೆಕೆಂಡು, ಹಗುರ ಬಾಣ ಮುಟ್ಟಲು 0.25, ನಡುವಿನದಕ್ಕೆ 0.28. ಜಿಂಕೆ ಬೆಚ್ಚಲು ಹತ್ತನೇ ಒಂದು ಸೆಕೆಂಡು ತಗಲುತ್ತದೆ ಎಂದಿಟ್ಟುಕೊಂಡರೂ, ಉಳಿದ ಹೊತ್ತಿನಲ್ಲಿ ಅದು ಕುಸಿಯುವುದರಲ್ಲಿ ಈ ಎರಡು ಬಾಣಕ್ಕೂ ಇರುವ ವ್ಯತ್ಯಾಸ ಒಂದು ಇಂಚಿನಷ್ಟು. ರಿಕರ್ವ್ ಬಿಲ್ಲಿನಿಂದ ಜಿಂಕೆಯ ಕಿವಿಯನ್ನು ಓಟದಲ್ಲಿ ಸೋಲಿಸಲು ಆಗುವುದಿಲ್ಲ. ಸದ್ದನ್ನೇ ತಗ್ಗಿಸಬೇಕು. ಹಗುರ ಬಾಣ ಇಲ್ಲಿ ಉಲ್ಟಾ ಹೊಡೆಯುತ್ತದೆ: ಬಾಣ ತೆಗೆದುಕೊಂಡು ಹೋಗದ ಶಕ್ತಿ ಬಿಲ್ಲಿನಲ್ಲೇ ಉಳಿದು ಟಣ್ ಎನ್ನುತ್ತದೆ, ಹಿಡಿಕೆ ಅಂಗೈಯಲ್ಲಿ ಜುಮ್ ಎನ್ನುತ್ತದೆ. ಅದೇ ಬಿಲ್ಲಿಗೆ ಸೀಡರ್ ಬಾಣ ಇಟ್ಟಾಗ ಕೇಳಿಸಿದ್ದು ಮೆತ್ತಗಿನ ಒಂದು ಧಪ್ ಮಾತ್ರ. ನಮ್ಮವರು ಆ ಹೊತ್ತಿನಲ್ಲಿ ಏನೂ ಮಾತಾಡಲಿಲ್ಲ, ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಲೆಕ್ಕಕ್ಕಿಂತ ಆ ಸದ್ದೇ ಅವರನ್ನು ಅಲ್ಲಾಡಿಸಿತು ಅಂತ ನನ್ನ ಅನುಮಾನ.

ಗರಿಯಿಲ್ಲದ ಬಾಣ

ಇಲ್ಲಿಯವರೆಗಿನದು ತೂಕದ ಮಾತು. ನಿಜವಾದ ತೊಡಕು ಸಿಕ್ಕಿದ್ದು ಬೇರೆ ಕಡೆ.

ರಿಕರ್ವಿನಿಂದ ಹೊರಟ ಬಾಣ ನೇರ ಕೋಲಿನ ಹಾಗೆ ಹೋಗುವುದಿಲ್ಲ. ಬೆರಳು ಬಿಟ್ಟ ಹೆದೆ ಹಿಂದಿನಿಂದ ಒತ್ತುತ್ತದೆ, ಮುಂದಿನ ಮೊನೆ ತನ್ನ ಭಾರಕ್ಕೆ ತಡೆಯುತ್ತದೆ, ನಡುವೆ ಸಿಕ್ಕ ಕಡ್ಡಿ ಮೀನು ಈಜುವ ಹಾಗೆ ಎಡಕ್ಕೂ ಬಲಕ್ಕೂ ಬಾಗುತ್ತಾ ಬಿಲ್ಲಿನ ಪಕ್ಕೆಯನ್ನು ಸುತ್ತಿಕೊಂಡು ಹೊರಡುತ್ತದೆ. ಬಾಗುವುದು ಹದವಾಗಿರಬೇಕು. ಕಡ್ಡಿಯ ಗಡಸುತನಕ್ಕೆ ಸ್ಪೈನ್ ಎಂಬ ಅಳತೆ ಇದೆ: 28 ಇಂಚು ಅಂತರದ ಎರಡು ಆಧಾರದ ಮೇಲೆ ಕಡ್ಡಿ ಮಲಗಿಸಿ ನಡುವೆ 880 ಗ್ರಾಂ ತೂಗುಬಿಟ್ಟರೆ 0.600 ಇಂಚು ಬಾಗಿತು ಅನ್ನಿ, ಅದು 600 ಸ್ಪೈನ್. ಸಂಖ್ಯೆ ದೊಡ್ಡದಾದಷ್ಟೂ ಕಡ್ಡಿ ಮೆತ್ತಗೆ. ಆದರೆ ಇದು ನಿಂತ ಕಡ್ಡಿಯ ಅಳತೆ. ಹಾರುವಾಗ ಅದು ಎಷ್ಟು ಬಾಗುತ್ತದೆ ಎನ್ನುವುದನ್ನು ಕಡ್ಡಿಯ ಉದ್ದ, ಮುಂದಿನ ಭಾರ, ಬಿಲ್ಲಿನ ಎಳೆತ, ರೈಸರಿನಲ್ಲಿ (ಬಿಲ್ಲಿನ ನಡುವಿನ ಹಿಡಿಕೆಯ ಭಾಗ) ಬಾಣ ಕೂರುವ ಜಾಗದ ಕೆತ್ತನೆ, ಹೆದೆಯ ನೂಲು ಎಲ್ಲವೂ ಸೇರಿ ತೀರ್ಮಾನಿಸುತ್ತವೆ.

ನಮ್ಮವರ ಕಡ್ಡಿ 600 ಸ್ಪೈನಿನ, 28 ಇಂಚಿನ ಕಾರ್ಬನ್, ಇಂಚಿಗೆ 7 ಗ್ರೇನ್. ಒಟ್ಟು 196 ಗ್ರೇನ್ ಕಡ್ಡಿಯದು, 9 ನಾಕಿನದು (ಹೆದೆಗೆ ಸಿಕ್ಕಿಸುವ ಹಿಂತುದಿ), 8 ಗರಿಗಳದು, 13 ಅಲ್ಯೂಮಿನಿಯಂ ಇನ್ಸರ್ಟಿನದು (ಮೊನೆಯನ್ನು ತಿರುಪಿ ಕೂರಿಸುವ ತುಂಡು), 100 ಮೊನೆಯದು. ಗರಿಯಿದ್ದ ಬಾಣ ಗುಂಪಾಗಿಯೇ ಬೀಳುತ್ತಿತ್ತು. ಎಲ್ಲ ಸರಿ ಇದೆ ಎಂದು ಅವರು ನಂಬಲು ಅದೇ ಕಾರಣ. ಗರಿ ಬಹಳ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಅದೇ ಕಡ್ಡಿಯ ಒಂದೆರಡು ಬಾಣದ ಗರಿ ಕೆರೆದು ತೆಗೆದು, 15 ಗಜದಿಂದ ಗರಿಯಿದ್ದವುಗಳ ಜೊತೆಗೇ ಹೊಡೆಸಿದಾಗ ಬೆತ್ತಲೆ ಬಾಣಗಳು ಗುಂಪಿನಿಂದ ಗೇಣಿನಷ್ಟು ಎಡಕ್ಕೆ ಬಿದ್ದವು. ಬಲಗೈಯಲ್ಲಿ ಎಳೆಯುವವರ ಬೆತ್ತಲೆ ಬಾಣ ಎಡಕ್ಕೆ ಬಿದ್ದರೆ ಆ ಬಾಣ ಆ ಬಿಲ್ಲಿಗೆ ಗಡಸಾಯಿತು ಎಂದರ್ಥ.

ಗುರಿಹಲಗೆಗೆ ಹೊಡೆಯುವವರೆಗೆ ಗರಿ ಈ ದೋಷವನ್ನು ತಿದ್ದಿಕೊಂಡು ಹೋಗುತ್ತದೆ. ಬೇಟೆಯಲ್ಲಿ ಹಾಗಲ್ಲ, ಎರಡು ಕಾರಣಕ್ಕೆ. ಮುಂದೆ ಅಗಲವಾದ ಬ್ರಾಡ್‌ಹೆಡ್, ಅಂದರೆ ಅಲಗಿರುವ ಬೇಟೆಯ ಮೊನೆ, ಕೂತಾಗ ಅದೂ ಗಾಳಿ ಹಿಡಿಯುತ್ತದೆ, ಹಿಂದಿನ ಗರಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಜೊತೆಗೆ, ಸೊಟ್ಟಗೆ ಹೋಗಿ ತಗುಲಿದ ಬಾಣ ತನ್ನ ಬಲವನ್ನೆಲ್ಲ ಮೊನೆಯ ಹಿಂದೆ ನೆಟ್ಟಗೆ ಹಾಕುವುದಿಲ್ಲ. ಕಡ್ಡಿ ಚರ್ಮಕ್ಕೆ ಅಡ್ಡಡ್ಡ ಬಡಿದು ಬಾಗುತ್ತದೆ, ಇದ್ದ ಸ್ವಲ್ಪ ಶಕ್ತಿಯೂ ಅಲ್ಲೇ ಮುಗಿಯುತ್ತದೆ. 41 ಪೌಂಡಿನ ಬಿಲ್ಲಿನವನ ಬಳಿ ಪೋಲು ಮಾಡುವಷ್ಟು ಶಕ್ತಿ ಎಲ್ಲಿದೆ? ನನ್ನ ಮಟ್ಟಿಗೆ ಬಾಣದ ತೂಕಕ್ಕಿಂತ ಇದು ಮೊದಲ ಪ್ರಶ್ನೆ. ನೇರವಾಗಿ ಹಾರುವ 350 ಗ್ರೇನ್ ಬಾಣ, ಬಾಲ ಆಡಿಸುತ್ತಾ ಹೋಗುವ 500 ಗ್ರೇನ್ ಬಾಣಕ್ಕಿಂತ ವಾಸಿ.

ಗಡಸಾದ ಬಾಣವನ್ನು ಮೆತ್ತಗೆ ಮಾಡಲು ಮೂರು ದಾರಿ: ಉದ್ದನೆಯ ಕಡ್ಡಿ ತರುವುದು, 700 ಸ್ಪೈನಿನ ಕಡ್ಡಿ ತರುವುದು, ಇಲ್ಲವೇ ಮುಂದಿನ ಭಾರ ಹೆಚ್ಚಿಸುವುದು. ಮೊದಲೆರಡಕ್ಕೆ ಹೊಸ ಕಡ್ಡಿ ಕೊಳ್ಳಬೇಕು. ಮೂರನೆಯದಕ್ಕೆ ಬೇಕಾದದ್ದು ಒಂದು ಹಿತ್ತಾಳೆ ಇನ್ಸರ್ಟು, ಒಂದಷ್ಟು ಬೇರೆ ಬೇರೆ ತೂಕದ ತಿರುಪು ಮೊನೆ. 13 ಗ್ರೇನಿನ ಅಲ್ಯೂಮಿನಿಯಂ ತೆಗೆದು 50 ಗ್ರೇನಿನ ಹಿತ್ತಾಳೆ ಕೂರಿಸಿ, ಮೊನೆಯನ್ನು 100ರಿಂದ ಮೇಲಕ್ಕೆ ಬದಲಿಸುತ್ತಾ ಹೋದೆವು. 125ಕ್ಕೆ ಬೆತ್ತಲೆ ಬಾಣ ಗುಂಪಿನ ಕಡೆ ಸರಿಯಿತು. 150ಕ್ಕೆ ಗುಂಪಿನೊಳಗೇ ಬಿತ್ತು. 175ಕ್ಕೆ ಬಲಕ್ಕೆ ದಾಟಿಹೋಯಿತು, ಅಂದರೆ ಕಡ್ಡಿ ಈಗ ಮೆತ್ತಗಾಗಿ ಹೋಯಿತು. 150ಕ್ಕೆ ನಿಲ್ಲಿಸಿದೆವು. ಹಿಂದಿನ ಭಾಗದಲ್ಲಿ ಏನೂ ಬದಲಾಗಲಿಲ್ಲ. ಒಟ್ಟು ತೂಕ 413. ಪೌಂಡಿಗೆ 10 ಗ್ರೇನ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈ ಪ್ರಕರಣದಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಇದು. ತೂಕ ಸಾಲದು ಎನ್ನುವುದಕ್ಕೂ ಗಡಸು ಎನ್ನುವುದಕ್ಕೂ ಮದ್ದು ಒಂದೇ ಆಗಿತ್ತು. ಅವರು ಆರಿಸಿದ ಹಗುರ ಕಡ್ಡಿ ಸರಿಯಾಗಿಯೇ ಇತ್ತು. ಹಗುರವಾಗಬಾರದಿದ್ದದ್ದು ಮೊನೆ.

ಕಡ್ಡಿ ಹಗುರವಿದ್ದು ಮೊನೆ ಭಾರವಾದರೆ ಬಾಣದ ತೂಕದ ನಡು ಮುಂದಕ್ಕೆ ಸರಿಯುತ್ತದೆ. ಬೆರಳಿನ ಮೇಲೆ ಬಾಣ ತೂಗಿಸಿ ಅಳೆದಾಗ ಹಳೆಯ ಬಾಣ ನಾಕಿನಿಂದ 18.4 ಇಂಚಿಗೆ ಸಮನಾಗಿ ನಿಂತಿತು, ಹೊಸದು 20.5ಕ್ಕೆ. ನಟ್ಟನಡುವಿನಿಂದ ಎಷ್ಟು ಮುಂದಿದೆ ಎಂದು ಉದ್ದದ ಶೇಕಡಾವಾರು ಹೇಳಿದರೆ 16ರಿಂದ 23ಕ್ಕೆ ಏರಿತು. ಮಾಮೂಲಿ ಬೇಟೆ ಬಾಣಗಳಲ್ಲಿ ಇದು 10ರಿಂದ 15. ಮುಂದೆ ಭಾರವಿದ್ದ ಬಾಣದ ಹಿಂಭಾಗವನ್ನು ಗರಿ ಬೇಗ ಹತೋಟಿಗೆ ತರುತ್ತದೆ, ಗರಿ ಚಿಕ್ಕದಿದ್ದರೂ ನಡೆಯುತ್ತದೆ.

ಇದೇನೂ ಹೊಸ ಜಾಣತನವಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಕಾಡಿನಿಂದ ಹೊರಬಂದ ಇಶಿ, ಯಾಹಿ ಎಂಬ ಮೂಲನಿವಾಸಿ ಜನರಲ್ಲಿ ಉಳಿದ ಕೊನೆಯವನು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲು ಕಲಿತರು, ಅಮೆರಿಕದ ಬಿಲ್ಲುಬೇಟೆ ಮತ್ತೆ ತಲೆಯೆತ್ತಿದ್ದರಲ್ಲಿ ಅವರ ಪಾಲು ದೊಡ್ಡದು. ಇಶಿಯ ಬಿಲ್ಲು ಭಾರಿಯದೇನಲ್ಲ, 40-45 ಪೌಂಡಿನ ಆಸುಪಾಸಿನದು. ಅವನ ಬಾಣದ ಕಡ್ಡಿ ಹೇಜಲ್ ಗಿಡದ್ದು, ಮುಂದೆ ಅದಕ್ಕಿಂತ ಭಾರದ ಗಟ್ಟಿಮರದ ತುಂಡು ಜೋಡಿಸಿ ಪ್ರಾಣಿಯ ನರದಿಂದ ಬಿಗಿದು, ತುದಿಗೆ ಚಿಪ್ಪೆದ್ದ ಅಬ್ಸಿಡಿಯನ್ ಕಲ್ಲು. ಅವನು ಜಿಂಕೆಯ ಹತ್ತಿರಕ್ಕೆ ಹೋಗಿ ಹೊಡೆಯುತ್ತಿದ್ದ.

650 ಎನ್ನುವವರು

ಕ್ಲಬ್ಬಿನಲ್ಲಿ ಒಬ್ಬರು 650 ಗ್ರೇನಿಗಿಂತ ಕಡಿಮೆ ಬಾಣವನ್ನು ಬಾಣವೆಂದೇ ಒಪ್ಪುವುದಿಲ್ಲ. ಆ ಸಂಖ್ಯೆ ಬಂದದ್ದು ಎಡ್ ಆಶ್‌ಬಿ ಅವರಿಂದ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆದ ಅವರ ಪರೀಕ್ಷೆಗಳು ಬಾಣ ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವ ಬಗ್ಗೆ ನಡೆದ ಅಪರೂಪದ ದೊಡ್ಡ ಕೆಲಸ, ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ 650 ಎನ್ನುವುದು ದಪ್ಪ ಎಲುಬು ಒಡೆದು ಒಳಹೋಗುವ ಮಾತು. ಅವರ ಮುಂದಿದ್ದದ್ದು ಆಫ್ರಿಕದ ದೊಡ್ಡ ಪ್ರಾಣಿಗಳು, ಆಮೇಲೆ ಆಸ್ಟ್ರೇಲಿಯದ ಕಾಡೆಮ್ಮೆಗಳು. ನಮ್ಮ ಬಿಲ್ಲಿಗೆ 650 ಇಟ್ಟರೆ ಲೆಕ್ಕದ ಪ್ರಕಾರ ವೇಗ 136ಕ್ಕೆ ಇಳಿಯುತ್ತದೆ, ಮೂರು ಗಜ ತಪ್ಪಿದರೆ ಬಾಣ ಐದು ಇಂಚು ಕೆಳಗೆ ಹೋಗುತ್ತದೆ. ಪಕ್ಕೆಲುಬು ಬೆರಳಿನಷ್ಟಿರುವ ಹೆಣ್ಣು ಜಿಂಕೆಗೆ ಆ ಬೆಲೆ ತೆರಬೇಕಾಗಿಲ್ಲ. ಆಶ್‌ಬಿ ಅವರ ಬೇರೆ ಮಾತುಗಳನ್ನು ಮಾತ್ರ ಪೂರ್ತಿ ತೆಗೆದುಕೊಂಡೆವು: ಬಾಣ ಮುರಿಯಬಾರದು, ನೇರ ಹಾರಬೇಕು, ಮೊನೆ ಕಿರಿದಾಗಿ ಉದ್ದವಾಗಿರಬೇಕು, ಅಲಗು ಹರಿತವಿರಬೇಕು.

ಹಾಗಾಗಿ ಬ್ರಾಡ್‌ಹೆಡ್ಡಿನ ಆಯ್ಕೆ ಬೇಗ ಮುಗಿಯಿತು. ಎರಡೇ ಅಲಗಿನ, ಬಿಚ್ಚಿಕೊಳ್ಳದ, ತುದಿಯಿಂದಲೇ ಕೊಯ್ಯುವ 150 ಗ್ರೇನಿನ ಉಕ್ಕಿನ ಮೊನೆ. ಪೆನ್ಸಿಲ್ವೇನಿಯಾದ ನಿಯಮದಲ್ಲಿ ಮೊನೆಯ ಅಗಲ ಕನಿಷ್ಠ ಒಂದು ಇಂಚಿನ ಎಂಟರಲ್ಲಿ ಏಳು ಭಾಗ ಇರಬೇಕು, ಬಿಲ್ಲಿನ ಎಳೆತ ಕನಿಷ್ಠ 35 ಪೌಂಡ್. ಎರಡೂ ಸರಿಹೋದವು. ತಗುಲಿದ ಮೇಲೆ ರೆಕ್ಕೆ ಬಿಚ್ಚಿಕೊಳ್ಳುವ ಯಾಂತ್ರಿಕ ಮೊನೆಗಳು ಈ ಬಿಲ್ಲಿಗೆ ಬೇಡವೇ ಬೇಡ. ಬಿಚ್ಚಿಕೊಳ್ಳಲೂ ಶಕ್ತಿ ಬೇಕು, ಅಗಲದ ಗಾಯ ಕೊಯ್ಯಲೂ ಶಕ್ತಿ ಬೇಕು. ಇರುವುದು 24 ಅಡಿ-ಪೌಂಡ್.

ಅಂಗಡಿಯಿಂದ ತಂದ ಅಲಗು ಹರಿತವೆಂದು ನಂಬಬಾರದು. ಅರದಿಂದ ಉಜ್ಜಿ, ಸಾಣೆಕಲ್ಲಿಗೆ ಹಚ್ಚಿ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆದು ಮುಂಗೈ ರೋಮ ಬೋಳಿಸುವ ಹದಕ್ಕೆ ತಂದರು. ಹರಿತದ ವಿಷಯದಲ್ಲಿ ಅವರಿಗೆ ಹೇಳಿಕೊಡುವುದೇನೂ ಇರಲಿಲ್ಲ, ಮಚ್ಚು-ಕುಡುಗೋಲು ನೋಡಿ ಬೆಳೆದವರು.

ಸದ್ದಿಗೆ ಇನ್ನೆರಡು ಕೆಲಸ: ಹೆದೆಯನ್ನು ಕೆಲವು ಸುತ್ತು ತಿರುಚಿ ಹಿಡಿಕೆಗೂ ಹೆದೆಗೂ ನಡುವಿನ ಅಂತರವನ್ನು ಕಾಲು ಇಂಚು ಹೆಚ್ಚಿಸಿದ್ದು, ಹೆದೆಗೆ ಎರಡು ಕಡೆ ಉಣ್ಣೆಯ ಕುಚ್ಚು ಕಟ್ಟಿದ್ದು. ಕುಚ್ಚು ಒಂದೆರಡು ಅಡಿ ವೇಗ ತಿನ್ನುತ್ತದೆ. ತಿನ್ನಲಿ.

ಅಕ್ಟೋಬರ್

ಬಿಲ್ಲುಬೇಟೆಯ ಋತು ಪೆನ್ಸಿಲ್ವೇನಿಯಾದ ಬಹುತೇಕ ಕಡೆ ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಶುರು. ಮೊದಲ ಅವಕಾಶವನ್ನು ಅವರು ಬಿಟ್ಟುಕೊಟ್ಟರು. 25 ಗಜದ ಹತ್ತಿರ ಒಂದು ಹೆಣ್ಣು ಜಿಂಕೆ ಬಹಳ ಹೊತ್ತು ಓಕ್ ಕಾಯಿ ಮೆಲ್ಲುತ್ತಾ ನಿಂತಿತ್ತಂತೆ. ಆಮೇಲೆ ಫೋನಿನಲ್ಲಿ, “ಹಳೇ ಬಾಣ ಇದ್ದಿದ್ರೆ ಬಿಟ್ಟೇಬಿಡ್ತಿದ್ದೆ ಕಣಣ್ಣ” ಎಂದರು. ಹಗುರ ಬಾಣದ ನಿಜವಾದ ಅಪಾಯ ಇದೇ ಇರಬಹುದು ಎಂದು ನನಗೆ ಅಂದು ಅನ್ನಿಸಿತು. ದೂರದ ಹೊಡೆತಕ್ಕೆ ಅದು ಕೊಡುವುದು ಧೈರ್ಯ ಮಾತ್ರ, ಶಕ್ತಿಯನ್ನಲ್ಲ.

ಹೊಡೆತ ಸಿಕ್ಕಿದ್ದು ಆ ತಿಂಗಳ ಕೊನೆಗೆ, 15 ಅಡಿ ಎತ್ತರದ ಅಟ್ಟಣೆಯ ಮೇಲಿಂದ, 14 ಗಜಕ್ಕೆ. ಜಿಂಕೆ ಸ್ವಲ್ಪ ಆಚೆಗೆ ಮುಖ ಮಾಡಿ ಓರೆಯಾಗಿ ನಿಂತಿತ್ತು, ಎದೆಗೂಡಿಗೆ ಹಿಂದಿನಿಂದ ದಾರಿ ಬಿಟ್ಟುಕೊಡುವ ನಿಲುವು. ಬಾಣ ಹಿಂದಿನ ಪಕ್ಕೆಲುಬುಗಳ ನಡುವೆ ಹೊಕ್ಕು, ಆಚೆಯ ಮುಂಗಾಲಿನ ಹಿಂದೆ ಕೆಳಭಾಗದಲ್ಲಿ ಹೊರಬಂದು ಮಣ್ಣಿಗೆ ನೆಟ್ಟುಕೊಂಡಿತು. ಜಿಂಕೆ ಹಾರಿ ಓಡಿತು.

ಅವರು ಅರ್ಧ ಗಂಟೆ ಅಟ್ಟಣೆ ಇಳಿಯಲಿಲ್ಲ. ಬೆನ್ನಟ್ಟಿದರೆ ಗಾಯವಾದ ಜಿಂಕೆ ಇನ್ನೂ ದೂರ ಓಡುತ್ತದೆ. ಕೆಳಗಿಳಿದು ಬಾಣ ಕಿತ್ತು ನೋಡಿದರು: ಮೊನೆಯಿಂದ ನಾಕಿನವರೆಗೆ ಒಂದೇ ಸಮ ರಕ್ತ, ತಿಳಿಗೆಂಪು, ಗರಿಯ ಸಂದಿನಲ್ಲಿ ಸಣ್ಣ ಸಣ್ಣ ನೊರೆಗುಳ್ಳೆ. ನೊರೆಯಿದ್ದರೆ ಶ್ವಾಸಕೋಶ. ಹಸಿರು ಕಸ ಅಂಟಿದ್ದರೆ ಹೊಟ್ಟೆಗೆ ಬಿದ್ದಂತೆ, ಆಗ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಎರಡು ತೂತಿನಿಂದ ರಕ್ತ ಸೋರಿದ್ದರಿಂದ ಜಾಡು ಹಿಡಿಯುವುದು ಕಷ್ಟವಾಗಲಿಲ್ಲ, ಅದರಲ್ಲೂ ಕೆಳಗಿನ ತೂತಿನಿಂದ ಹೆಚ್ಚು ಸೋರಿತ್ತು. ಅರವತ್ತು-ಎಪ್ಪತ್ತು ಗಜದಾಚೆ ಬಿದ್ದ ಮರದ ಪಕ್ಕದಲ್ಲಿ ಜಿಂಕೆ ಸಿಕ್ಕಿತು. ಮಾಂಸ ಮನೆಗೆ ಬಂತು, ಮುದ್ದೆಯ ಜೊತೆಗೆ ನಾನೂ ಉಂಡೆ.

413 ಗ್ರೇನ್ ಬಾಣದಿಂದಲೇ ಇದು ಸಾಧ್ಯವಾಯಿತು ಎಂದು ಮಾತ್ರ ನಾನು ಹೇಳುವುದಿಲ್ಲ. 14 ಗಜಕ್ಕೆ, ಓರೆ ನಿಂತ ಜಿಂಕೆಗೆ, ಪಕ್ಕೆಲುಬಿನ ಸಂದಿಗೆ ಬಿದ್ದ ಹೊಡೆತ ಅದು. ಹರಿತವಾದ ಎರಡಲಗಿನ ಮೊನೆ ಇದ್ದಿದ್ದರೆ 326ರ ಬಾಣವೂ ತೂರಿ ಹೋಗುತ್ತಿತ್ತೋ ಏನೋ. ಅಲ್ಲಿ ತೂಕಕ್ಕಿಂತ ಹೊಡೆದವರ ತಾಳ್ಮೆಯ ಪಾಲು ದೊಡ್ಡದು. ತೂಕದ ಬೆಲೆ ಗೊತ್ತಾಗುವುದು ಹೊಡೆತ ಎರಡು ಇಂಚು ಮುಂದಕ್ಕೆ ಹೋಗಿ ಭುಜದ ಎಲುಬಿನ ಅಂಚಿಗೆ ಬಿದ್ದಾಗ, ಅಥವಾ ಪಕ್ಕೆಲುಬಿಗೇ ನೇರ ತಾಗಿದಾಗ. ಅಂಥದ್ದು ಈ ಸಲ ಆಗಲಿಲ್ಲ.

ಆ ಬಾಣವನ್ನು ತೊಳೆದು, ನೆಲದ ಮೇಲೆ ಉರುಳಿಸಿ ಸೊಟ್ಟಾಗಿದೆಯೇ ನೋಡಿ, ಕಡ್ಡಿಯನ್ನು ಎರಡೂ ತುದಿ ಹಿಡಿದು ಕಿವಿಯ ಹತ್ತಿರ ಮೆಲ್ಲಗೆ ಬಾಗಿಸಿದೆವು. ಕಾರ್ಬನ್ ಕಡ್ಡಿಯೊಳಗೆ ಸೀಳು ಬಿಟ್ಟಿದ್ದರೆ ಚಿಟಿಚಿಟಿ ಎನ್ನುತ್ತದೆ, ಅಂಥ ಕಡ್ಡಿ ಮುಂದಿನ ಹೊಡೆತದಲ್ಲಿ ಒಡೆದು ಎಡಗೈಗೇ ಚುಚ್ಚಬಹುದು. ಸದ್ದು ಬರಲಿಲ್ಲ. ಆದರೂ ಅದನ್ನು ಅಭ್ಯಾಸದ ಬಾಣಗಳ ಜೊತೆ ಹಾಕಿಕೊಳ್ಳಿ, ಬೇಟೆಗೆ ಬೇಡ ಎಂದೆ.

ಮುಂದಿನ ವರ್ಷಕ್ಕೆ ಅವರ ಕಣ್ಣು ಕಪ್ಪು ಕರಡಿಯ ಮೇಲಿದೆ, ಪೆನ್ಸಿಲ್ವೇನಿಯಾದಲ್ಲಿ ಬಿಲ್ಲಿಗೂ ಕರಡಿಯ ಋತು ಉಂಟು. ಕರಡಿಗೆ ಕೊಬ್ಬು ದಪ್ಪ, ಗಾಯದ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ, ದಟ್ಟ ರೋಮ ರಕ್ತ ಹೀರಿಕೊಂಡು ಜಾಡು ಕೊಡುವುದಿಲ್ಲ. ಹೊರಗೆ ಬರುವ ತೂತು ಅಲ್ಲಿ ಇನ್ನೂ ಮುಖ್ಯ. ಈ ಕಡ್ಡಿಗೆ ಮುಂದೆ ಇನ್ನಷ್ಟು ಭಾರ ಹಾಕಿದರೆ ಅದು ಮೆತ್ತಗಾಗುತ್ತದೆ ಎಂದು 175ರ ಮೊನೆಯೇ ತೋರಿಸಿಕೊಟ್ಟಿದೆ. ಆದ್ದರಿಂದ 500 ಸ್ಪೈನಿನ ಕಡ್ಡಿ ತಂದು, 200 ಗ್ರೇನಿನ ಮೊನೆಯಿಂದ ಶುರುಮಾಡಿ, ಒಟ್ಟು 480ರ ಸುತ್ತ ತಂದು, ಗರಿಯಿಲ್ಲದ ಬಾಣ ಎಲ್ಲಿ ಬೀಳುತ್ತದೆ ನೋಡೋಣ ಎಂದಿದ್ದೇನೆ. ಅವರು ಲಿಂಬನ್ನೇ 50 ಪೌಂಡಿಗೆ ಬದಲಿಸಲೇ ಎಂದು ಕೇಳುತ್ತಿದ್ದಾರೆ. ಚಳಿಗಾಲವೆಲ್ಲ ಎಳೆದು ಅಭ್ಯಾಸ ಮಾಡಿ, 50 ಪೌಂಡನ್ನು ಭುಜ ನಡುಗದ ಹಾಗೆ ಹಿಡಿದು ನಿಲ್ಲಲು ಬಂದರೆ ಏಪ್ರಿಲ್‌ನಲ್ಲಿ ಮಾತಾಡೋಣ ಎಂದೆ.